ಬೆಳಕಪ್ಪನ ಗೋಡೆ

ನಮ್ಮ ಬೀದಿಯಲ್ಲಿ ಬಲ್ಬು ಮಾರುವವನಿಗೆ ಬೆಳಕಪ್ಪ ಎಂದು ಹೆಸರಿಟ್ಟವನು ನಾನೇ. ಪಕ್ಕದಲ್ಲಿ ನನ್ನದು ಬೀಗದ ಅಂಗಡಿ. ಬೀಗ ತೋರಿಸಲು ಕರೆಂಟು ಬೇಕಿಲ್ಲ. ಅವನದು ಹಾಗಲ್ಲ, ಉರಿಯದ ಬಲ್ಬನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಕೌಂಟರಿನ ಎದುರು ಗೋಡೆ ತುಂಬ ಹೋಲ್ಡರುಗಳು, ಒಂದೊಂದರಲ್ಲೂ ಒಂದೊಂದು ಬಲ್ಬು. ಸಂಜೆಯಾದರೆ ಸಾಕು, ಎಲ್ಲವನ್ನೂ ಹಚ್ಚಿ, ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದ. ಬಾಗಿಲು ಹಾಕುವವರೆಗೂ ಅಲ್ಲೇ.

ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಿನ ಜಾವ ಜೊಂಪು ಹತ್ತಿದರೆ, ಅಷ್ಟರಲ್ಲಿ ಏಳುವ ಹೊತ್ತಾಗಿರುತ್ತಿತ್ತು. ವಯಸ್ಸಾಯಿತು ಎಂದು ಇಬ್ಬರೂ ತೀರ್ಮಾನಿಸಿದ್ದೆವು. ಕಾಲಿಗೆ ಎಣ್ಣೆ ತಿಕ್ಕಿಸಿಕೋ ಎಂದೆ. ತಿಕ್ಕುತ್ತಾ ತಿಕ್ಕುತ್ತಾ ಅವನ ಹೆಂಡತಿಯೇ ಗೊರಕೆ ಹೊಡೆದಳಂತೆ.

ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವುದು ಅವನ ಕೆಲಸ. ಕೆಲಸ ಎನ್ನುವುದು ಬಾಯಿಮಾತಿಗೆ, ಅವನ ಇಡೀ ದಿನದ ಖುಷಿಯೇ ಅದು. ದಾರಿಯಲ್ಲಿ ಅವಳು ಆಡಿದ ಮಾತನ್ನೆಲ್ಲ ತಂದು ನನಗೆ ಒಪ್ಪಿಸುತ್ತಿದ್ದ. ಒಂದು ದಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು, ಕಾಲೂರಿ ನಿಂತ, ಹಸಿರು ಬಂದರೂ ಹೊರಡಲಿಲ್ಲ. ಕೂತಲ್ಲೇ ನಿದ್ದೆ! ಹಿಂದೆ ಹಾರ್ನುಗಳ ಗಲಾಟೆ. ಮೊಮ್ಮಗಳು ಬೆನ್ನಿಗೆ ಗುದ್ದಿ ಎಬ್ಬಿಸಿದಳು. ರಾತ್ರಿ ಮನೆಯಲ್ಲಿ ಇದನ್ನು ಬಿದ್ದು ಬಿದ್ದು ನಗುತ್ತಾ ಹೇಳಿದಳು. ಅವಳಮ್ಮ ನಗಲಿಲ್ಲ.

“ಅಪ್ಪಾ, ನಾಳೆಯಿಂದ ಅವಳು ವ್ಯಾನಲ್ಲಿ ಹೋಗ್ಲಿ. ನೀನು ರಾತ್ರಿ ಸರಿಯಾಗಿ ನಿದ್ದೆ ಮಾಡೋವರೆಗೂ ಅವಳನ್ನ ಸ್ಕೂಟರ್ ಹತ್ತಿಸ್ಬೇಡ.”

ಮರುದಿನ ಅಂಗಡಿಗೆ ಬಂದವನ ಮುಖ ನೋಡಲಾಗಲಿಲ್ಲ. “ಮಗಳು ಹೇಳಿದ್ರಲ್ಲಿ ತಪ್ಪಿಲ್ಲ ಕಣೋ. ಆದ್ರೆ ಆ ವ್ಯಾನ್ ಹೋಗೋದು ನೋಡಿದ್ರೆ ಕರುಳು ಚುರ್ ಅನ್ನತ್ತೆ,” ಎಂದ. ನನಗೂ ಸಂಕಟವಾಯಿತು. ಅವತ್ತು ಅವನನ್ನು ರೇಗಿಸಲು ಮನಸ್ಸು ಬರಲಿಲ್ಲ.

ಅದೇ ವಾರ ಒಂದು ಸಂಜೆ, ಅವನು ಮನೆಯಲ್ಲಿ ಮರೆತಿದ್ದ ಕನ್ನಡಕ ಕೊಡಲು ಹೆಂಡತಿ ಬಂದಳು. ಅಂಗಡಿಯಲ್ಲಿ ಒಬ್ಬ ಗಿರಾಕಿ, ಮಗ ಓದುವ ಕೋಣೆಗೆ ಬಲ್ಬು ಕೇಳುತ್ತಿದ್ದ. ಬೆಳಕಪ್ಪ ಎಂದಿನ ರಾಗ ತೆಗೆದ. “ಈ ಬಿಳೀದನ್ನೇ ತಗೊಳ್ಳಿ ಸಾರ್. ಸಂಜೆ ಇದರ ಕೆಳಗೆ ಕೂತ್ರೆ ತೂಕಡಿಕೆ ಹತ್ರಾನೂ ಸುಳಿಯಲ್ಲ. ಎಷ್ಟು ಹೊತ್ತಾದ್ರೂ ಕಣ್ಣು ಪಿಳಿಪಿಳಿ ಅಂತಿರತ್ತೆ, ನನ್ನ ಗ್ಯಾರಂಟಿ!”

“ಒಂದಕ್ಕೇ ಹಂಗಾದ್ರೆ, ಇಡೀ ಗೋಡೆ ಹಚ್ಕೊಂಡು ಕೂತೋರಿಗೆ ಏನಾಗತ್ರೀ?” ಎಂದಳು ಹೆಂಡತಿ.

ಗಿರಾಕಿ ಗೋಡೆ ನೋಡಿದ, ಬೆಳಕಪ್ಪನ ಕೆಂಪು ಕಣ್ಣು ನೋಡಿದ, ಹಳದಿ ಬಲ್ಬು ತೆಗೆದುಕೊಂಡು ಹೋದ.

“ದೀಪ ಮಾರೋನೇ ಕತ್ತಲಲ್ಲಿ ಕೂತ್ರೆ ಯಾರು ಬರ್ತಾರೆ?” ಎಂದು ಬೆಳಕಪ್ಪ ಸ್ವಲ್ಪ ಹೊತ್ತು ಗೊಣಗಿದ. ಆಮೇಲೆ ತಾನೇ ಎದ್ದು ಗೋಡೆಯ ಬಲ್ಬುಗಳನ್ನೆಲ್ಲ ಆರಿಸಿದ. ಅಂದಿನಿಂದ ಹೊತ್ತು ಮುಳುಗಿದ ಮೇಲೆ ಕೌಂಟರಿನ ಮೇಲೆ ಒಂದೇ ಹಳದಿ ಬಲ್ಬು. ಮಲಗುವ ಕೋಣೆಯ ಬಿಳಿ ಟ್ಯೂಬ್‌ಲೈಟನ್ನು ಹೆಂಡತಿ ತೆಗೆಸಿದಳು. ಹೋಗಿಬರುವವರೆಲ್ಲ ಇಣುಕಿ, “ಬಾಗಿಲು ಹಾಕಿದ್ರಾ?” ಎನ್ನುವರು. ಸಂಜೆಯ ವ್ಯಾಪಾರ ಎದುರು ಸಾಲಿನ ಬಲ್ಬಿನಂಗಡಿಗೆ ಹೋಯಿತು.

ನಿದ್ದೆಯೇನೂ ಮೊದಲ ರಾತ್ರಿಯೇ ಓಡಿ ಬರಲಿಲ್ಲ. ಮೆಲ್ಲಮೆಲ್ಲನೆ ಬಂತು. ಯಾರೂ ಎಬ್ಬಿಸದೆ ಅಪ್ಪ ತಾನೇ ಏಳುವುದನ್ನು ಮಗಳು ಒಂದಷ್ಟು ದಿನ ಸುಮ್ಮನೆ ನೋಡಿದಳು. ಕೊನೆಗೊಂದು ದಿನ, “ನಾಳೆ ಅವಳನ್ನ ನೀನೇ ಸ್ಕೂಲಿಗೆ ಬಿಡಪ್ಪಾ,” ಎಂದಳು.

ಆ ಸಂಜೆಯೇ ಹೊಸ ಹೋಟೆಲು ಕಟ್ಟಿಸುವವನೊಬ್ಬ ಬರಬೇಕೆ! ಕೋಣೆಗಳಿಗೆಲ್ಲ ಬಲ್ಬು ಬೇಕಂತೆ, ಗೋಡೆ ಪೂರ್ತಿ ಹಚ್ಚಿ ತೋರಿಸಬೇಕಂತೆ, ನಿಧಾನವಾಗಿ ಕೂತು ಆರಿಸುತ್ತಾನಂತೆ. ನಾನು ನನ್ನ ಅಂಗಡಿಯಿಂದಲೇ, ಹಚ್ಚೋ ಮಾರಾಯ, ಎಂದು ಕೈಸನ್ನೆ ಮಾಡಿದೆ. ಬೆಳಕಪ್ಪ ಸ್ವಿಚ್ಚಿನವರೆಗೂ ಹೋಗಿ ನಿಂತ.

“ನಾಳೆ ಬೆಳಿಗ್ಗೆ ಬನ್ನಿ ಸಾರ್, ಎಲ್ಲಾ ತೋರಿಸ್ತೀನಿ.”

“ಎಷ್ಟು ಹೊತ್ತಿಗೆ ತೆಗೀತೀರ?”

“ಮೊಮ್ಮಗಳನ್ನ ಸ್ಕೂಲಿಗೆ ಬಿಟ್ಟು ಬಂದ ತಕ್ಷಣ.”

ಆತ ಎದುರು ಸಾಲಿಗೆ ಹೋದ. ನಾನು ಬೆಳಕಪ್ಪನಿಗೆ ಚೆನ್ನಾಗಿ ಬೈದೆ. ಅವನು ಕೇಳಿಸಿಕೊಂಡು, ಬೇಗ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅಂಗಡಿಗೆ ಬರುತ್ತಾ ಸಿಗ್ನಲ್ಲಿನ ಹತ್ತಿರ ಅವರನ್ನು ಕಂಡೆ. ಕೆಂಪು ಬಿದ್ದಿತ್ತು. ಹಿಂದೆ ಕೂತ ಮೊಮ್ಮಗಳು ದೀಪವನ್ನೇ ನೋಡುತ್ತಾ, ತಾತನ ಬೆನ್ನಿಗೆ ಗುದ್ದಲು ಮುಷ್ಟಿ ಎತ್ತಿ ಹಿಡಿದಿದ್ದಳು. ಹಸಿರು ಬಂತು. ಗುದ್ದು ಬೀಳುವ ಮೊದಲೇ ಸ್ಕೂಟರು ಹೊರಟಿತು.