ಎರಡನೆಯ ತಾಟು

ಬಸವಕಲ್ಯಾಣದ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹುಮನಾಬಾದಿನಿಂದ ಮೊದಲ ಬಸ್ಸಿಗೆ ಬಂದಿಳಿದ ಕಾಂತಾಬಾಯಿ, ಮಂಚದ ಮೇಲಿನ ಅಮೋಘಸಿದ್ದಪ್ಪನವರನ್ನು ಮಗುವಿನಂತೆ ಎತ್ತಿ ಕೂರಿಸಿ, ಬೆಚ್ಚಗಿನ ನೀರಿನಲ್ಲಿ ಬೆನ್ನು ಒರೆಸುತ್ತಿದ್ದಾರೆ. ಹೊಟ್ಟೆಯ ಕ್ಯಾನ್ಸರು. ಬೆನ್ನೆಲುಬಿನ ಒಂದೊಂದು ಮಣಿಯೂ ಕೈಗೆ ಹತ್ತುತ್ತದೆ. ಅವರ ಹೆಂಡತಿ ಜಿಜಾಬಾಯಿ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ನಿನ್ನಿ ನೀವೇನ್ ಉಂಡ್ರಿ, ಆಯಿ?"

"ನಂದೇನ್ ಬಿಡವ್ವಾ. ಇವರು ಉಂಡ್ರ ಸಾಕು."

"ಹಂಗಾದ್ರ ಎರಡು ತಾಟು ತರ್ರಿ. ಅವರದು ಸಣ್ಣದು, ನಿಮ್ಮದು ದೊಡ್ಡದು."

ಈ ಎರಡನೆಯ ತಾಟನ್ನು ಕೇಳುವ ರೂಢಿ ಕಾಂತಾಬಾಯಿಗೆ ಮೊದಲಿನಿಂದ ಇದ್ದದ್ದಲ್ಲ.

ಬೇಮಳಖೇಡದಲ್ಲಿ ಹೊಲದ ಕೂಲಿ ಮಾಡುತ್ತಿದ್ದವರು, ಗಂಡ ತೀರಿದ ಮೇಲೆ ಹುಮನಾಬಾದಿಗೆ ಬಂದರು. ಒಂದು ದವಾಖಾನೆಯಲ್ಲಿ ಆಯಾ ಆಗಿ ಕೈ ಪಳಗಿಸಿಕೊಂಡು, ಈಗ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ತೊಳೆಯುವುದು, ಹೊರಳಿಸುವುದು, ಮಾತಾಡಿಸುವುದು. ಅಡುಗೆಮನೆಗೆ ಕರೆಯುವವರು ಕಡಿಮೆ. "ಹೊಲಸು ತೆಗಿಲಾಕ ನನ್ ಕೈ ನಡೀತದ್ರಿ, ರೊಟ್ಟಿ ಮುಟ್ಲಾಕ ನಡಿಯಂಗಿಲ್ಲ" ಎಂದು ನಗುತ್ತಾರೆ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಹುಮನಾಬಾದಿನ ದವಸದ ವ್ಯಾಪಾರಿ ಮಹಾರುದ್ರಪ್ಪನವರನ್ನು. ಅವರಿಗೂ ಇದೇ ರೋಗ. ಉಂಡ ತಾಟಿಗೆ ನೀರು ಹಾಕಿ, ತೊಳೆದು ಕುಡಿಯುವ ಮನೆ ಅದು. ಅಲ್ಲಿ ಉಣ್ಣುವುದೆಲ್ಲ ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಆದರೆ ಮಹಾರುದ್ರಪ್ಪನವರಿಗೆ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಸೊಸೆ ಜಯಮಾಲಾ ನುಚ್ಚು, ಹುಗ್ಗಿ ಎಂದು ಏನೇನೋ ಮಾಡಿ ತಂದು, "ಪ್ರಸಾದ ಬಿಡಬಾರದ್ರಿ ಮಾಮಾ" ಎಂದು ಕಣ್ಣೀರಿಡುತ್ತಿದ್ದಳು. ಉಂಡರೆ ಉಳಿಯುತ್ತಾರೆ ಎಂಬುದೊಂದೇ ಅವಳ ಹಂಬಲ.

ಒಂದು ಮಧ್ಯಾಹ್ನ ಅವಳು ಒಳಗೆ ಹೋದಾಗ ಮುದುಕರು ತಾಟನ್ನು ಕಾಂತಾಬಾಯಿಯ ಮುಂದೆ ಸರಿಸಿದರು. "ಕಾಂತವ್ವಾ, ನೀ ಉಣ್ಣು. ಖಾಲಿ ತಾಟು ನೋಡಿದ್ರ ಆ ಪೋರಿ ನಗ್ತಾಳ."

ಕಾಂತಾಬಾಯಿ ಉಂಡರು. ತಾಟು ತೊಳೆದು ಕುಡಿದರು. ಜಯಮಾಲಾ ಖರೆಯೇ ನಕ್ಕಳು. ಆ ನಗುವಿಗಾಗಿ ಮರುದಿನವೂ ಉಂಡರು, ಆಮೇಲೂ ಉಂಡರು.

ಮಾವ ಚೇತರಿಸಿಕೊಂಡರೆಂದು ಹಿಗ್ಗಿದ ಜಯಮಾಲಾ, ಗಂಡ ಗುರುನಾಥನಿಗೆ ಹೇಳಿ, ತೊಗರಿ ಚೀಲ ತೂಗುವ ಅಂಗಡಿಯ ಕಾಟಾವನ್ನೇ ಅಂಗಳಕ್ಕೆ ತರಿಸಿದಳು. ಹತ್ತಿ ಕುಳಿತ ಮಹಾರುದ್ರಪ್ಪ, "ನಾ ಕಮ್ಮಿ ಬಂದ್ರ ಕಲ್ಲು ಬದ್ಲಾಸೋ ಗುರುನಾಥ!" ಎಂದು ಚೇಷ್ಟೆ ಮಾಡಿದರು. ಗುರುನಾಥ ಒಂದು ತೂಕದ ಕಲ್ಲು ತೆಗೆದ, ಇನ್ನೊಂದು ತೆಗೆದ. ಕಾಟಾ ಸಮಕ್ಕೆ ಬರಲು ಮೂರನೆಯದನ್ನೂ ತೆಗೆಯಬೇಕಾಯಿತು.

"ದವಾಖಾನಿ ಚೀಟ್ಯಾಗಿನ ತೂಕಕ್ಕಿಂತ ಕಮ್ಮಿ ಅದ. ದಿನಾ ಉಂಡದ್ದೆಲ್ಲಿ ಹೋಯ್ತು?" ಎಂದಳು ಜಯಮಾಲಾ.

"ಉಂಡಾಕಿ ನಾನ್ರಿ" ಎಂದರು ಕಾಂತಾಬಾಯಿ.

ಜಯಮಾಲಾ ಬೈಯಲಿಲ್ಲ. ಬೈಯಲು ಬಾಯಿ ತೆರೆದವಳು ಅಲ್ಲೇ ಕುಸಿದಳು. ಎತ್ತಲು ಹೋದಾಗಲೇ ಎಲ್ಲರ ಕಣ್ಣಿಗೂ ಬಿದ್ದದ್ದು: ಅವಳ ಬಳೆಗಳು ಮೊಳಕೈವರೆಗೂ ಜಾರುತ್ತಿದ್ದವು. ಮಾವ ಊಟ ಬಿಟ್ಟ ದಿನದಿಂದ ಅವಳೂ ಹೊಟ್ಟೆ ತುಂಬ ಉಂಡಿರಲಿಲ್ಲ.

"ಮೊದಲ್ ಆಕಿನ್ನ ತೂಗ್ರೋ" ಎಂದರು ಮಹಾರುದ್ರಪ್ಪ. ತಮ್ಮನ್ನು ಕಾಟಾದಿಂದ ಇಳಿಸಿರೆಂದು ಕೈ ಚಾಚಿ ಅತ್ತರು.

ಅವರು ಶ್ರಾವಣ ಕಾಣಲಿಲ್ಲ. ಕಾಂತಾಬಾಯಿಯನ್ನು ಆ ಮನೆಯವರು ಮತ್ತೆ ಕರೆಯಲಿಲ್ಲ. ಜಯಮಾಲಾ ಸಂತೆಯಲ್ಲಿ ಎದುರಾದರೆ ಸೆರಗು ಸರಿಪಡಿಸಿಕೊಂಡು ಬೇರೆ ದಾರಿ ಹಿಡಿಯುತ್ತಾಳೆ.

"ಸುಳ್ಳು ಹೇಳಿದ್ದು ಒಂದ್ ಕಡಿಗಿರ್ಲಿ," ಎನ್ನುತ್ತಾರೆ ಕಾಂತಾಬಾಯಿ, ಅಮೋಘಸಿದ್ದಪ್ಪನವರ ಬೆನ್ನಿಗೆ ದಿಂಬು ಕೊಡುತ್ತಾ. "ಆಕಿ ಮಾಡಿದ್ದು ಕೂತು ಉಂಡೆ. ನೀ ಉಂಡ್ಯೇನವ್ವಾ ಅಂತ ಒಂದಿನಾ ಕೇಳ್ಲಿಲ್ಲ ನೋಡ್ರಿ. ಅದು ಒಳಗ ಕುಂತದ."

ಜಿಜಾಬಾಯಿ ಎರಡು ತಾಟು ತಂದಿಟ್ಟು, ಸಂಕೋಚದಿಂದ ತಮ್ಮ ತಾಟಿನ ರೊಟ್ಟಿಯ ಮೊದಲ ತುತ್ತು ಮುರಿಯುತ್ತಾರೆ. ಅವರು ನುಂಗುವವರೆಗೂ ಕಾಂತಾಬಾಯಿ ಕಣ್ಣು ಕೀಳುವುದಿಲ್ಲ.

ನಿಮ್ಮ ಆಸೆ ಏನೆಂದು ಕೇಳಿದರೆ ಕಾಂತಾಬಾಯಿ ಒರೆಸಿದ ಬಟ್ಟೆಯನ್ನು ಹಿಂಡಿ ಹರವುತ್ತಾರೆ.

"ಜಯಮಾಲಾಬಾಯಿ ಒಮ್ಮೆ ನನಗಂತ ಉಣ್ಲಾಕ ನೀಡ್ಬೇಕ್ರಿ. ಆಕಿನೂ ಎದುರಿಗೆ ಕೂತು ಉಣ್ಬೇಕು. ನನ್ ತಾಟು ನಾ ತೊಳ್ದು ಕುಡೀತೀನಿ."