ಹದ ಹೇಳಿದ ಗಂಡಸು

ಯುದ್ಧ ಮುಗಿದ ವರ್ಷವೋ ಅದರ ಮರುವರ್ಷವೋ, ಖಾತ್ರಿಯಿಲ್ಲ. ಪುಣೆಯಿಂದ ರಸಾಯನಶಾಸ್ತ್ರದ ಪದವಿ ಹೊತ್ತು ವಿಜಾಪುರಕ್ಕೆ ಬಂದು ಕೆಲಸವಿಲ್ಲದೆ ಕೂತಿದ್ದೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಆರಾಮಕುರ್ಚಿಯಿಂದ ಏಳದೆಯೇ ಕಸುಬಿನ ಶಬ್ದಗಳ ಕೋಶ ಮಾಡುತ್ತಿದ್ದರು. 'ಹದ' ಎಂಬ ಒಂದೇ ಶಬ್ದಕ್ಕೆ ಯಾವ ಕಸುಬಿನಲ್ಲಿ ಏನರ್ಥ ಎಂದು ಬರೆದು ತರಲು ನನ್ನನ್ನು ಅಟ್ಟಿದರು.

ತಿಕೋಟಾದ ಕಂಬಾರ ಕಾಸಿದ ಕುಡುಗೋಲನ್ನು ನೀರಿಗೆ ಅದ್ದುತ್ತಿದ್ದಾಗ, ಹದ ಅಂದರೇನು ಎಂದು ಕೇಳಿದೆ.

"ಕಬ್ಬಿಣಾನ್ನ ಕೇಳ್ರಿ ಸಾಹೇಬ್ರ. ಅದು ಹೇಳಿದ್ದನ್ನ ನಾ ಮಾಡ್ತೀನಿ."

ಬರೆದುಕೊಂಡೆ: ಕಬ್ಬಿಣದ ಬಣ್ಣ. ತೊಗಲಿನವನಿಗೆ ಅದು ಮೆದುತನ, ಹೋಳಿಗೆ ಮಾಡುವವಳಿಗೆ ಹೂರಣದ ಗಟ್ಟಿತನ. ಒಬ್ಬರಿಗೂ ತಮ್ಮ ಶಬ್ದ ವಿವರಿಸಲು ಬಾರದಲ್ಲ ಎಂದು ಒಳಗೇ ನಕ್ಕೆ. ಪದವಿ ಅಂಥ ನಗೆಯನ್ನು ಪುಕ್ಕಟೆ ಕಲಿಸುತ್ತದೆ.

ಉಳಿದದ್ದು ಮಣ್ಣಿನ ಹದ. ಬಬಲೇಶ್ವರದಲ್ಲಿ ನನ್ನ ಸೋದರತ್ತೆಗೆ ಇದ್ದದ್ದು ಕಪ್ಪುಮಣ್ಣಿನ ಒಂದೇ ಎರೆಹೊಲ. ಮಾವ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಿಂಗಾರಿ ಜೋಳ ಬಿತ್ತುವ ಮೊದಲು ಮನೆಯ ಗಂಡಸು ಹೊಲಕ್ಕಿಳಿದು ಹದ ಬಂದಿದೆ ಎನ್ನಬೇಕು, ಆಮೇಲೆಯೇ ಕೂರಿಗೆ ಹೂಡುವುದು ಆ ಮನೆಯ ಪದ್ಧತಿ. ಮೂವತ್ತು ವರ್ಷ ಆ ಮಣ್ಣಿನಲ್ಲಿ ಕಳೆ ಕಿತ್ತವಳು ಹೇಳಿದರೆ ನಡೆಯದು, ನಾನು ಹೇಳಿದರೆ ನಡೆಯುತ್ತದೆ. ಎಂಥ ಮೂರ್ಖರು ಎಂದುಕೊಂಡೆ. ಎಂದುಕೊಂಡು ಹೊಲಕ್ಕಿಳಿದೆ.

ಎರೆಯ ಹದವನ್ನು ಬರಿಗಾಲಲ್ಲಿ ನೋಡುತ್ತಾರೆ. ನಾಲ್ಕು ಹೆಜ್ಜೆ ಇಟ್ಟಾಗ ಮಣ್ಣು ಅಂಗಾಲಿಗೆ ಮೆತ್ತದಿದ್ದರೆ ಹದ. ನನ್ನ ಕಾಲಲ್ಲಿ ಬೂಟು. ಕಲಿತ ಅಳಿಯನಿಗೆ ಬೂಟು ಬಿಚ್ಚು ಎನ್ನಲು ಅಲ್ಲಿ ಯಾರಿಗೂ ಬಾಯಿರಲಿಲ್ಲ. ನನಗೋ ಮಧ್ಯಾಹ್ನದ ಬಸ್ಸಿನ ಅವಸರ.

"ಹದಾ ಬಂದೈತಿ," ಎಂದೆ.

"ಖರೇನೇನೋ ಯಪ್ಪಾ?" ಅತ್ತೆ ಬೂಟನ್ನೇ ನೋಡುತ್ತ ಕೇಳಿದಳು. "ಇನ್ನೆರಡು ದಿನ ತಡದ್ರ ಹೆಂಗ?"

ಈ ಎರಡನೆಯ ಮಾತನ್ನು ಅವಳು ಆಡಿದಳೇ? ಆಡಲಿಲ್ಲ ಎಂದೇ ಬಹಳ ವರ್ಷ ನೆನೆದಿದ್ದೆ. ಆ ನೆನಪು ನನಗೆ ಅನುಕೂಲದ್ದು. ಅದಕ್ಕೇ ಈಗ ನಂಬುವುದಿಲ್ಲ.

ಬಿತ್ತಿದರು. ಹಸಿ ಎರೆ ಮೆತ್ತಿ ಕೂರಿಗೆಯ ಬಾಯಿ ಕಟ್ಟಿತು. ಮೇಲ್ಮಣ್ಣು ಬಿಸಿಲಿಗೆ ಹೆಂಚಿನಂತೆ ಬಿಗಿಯಿತು. ಜೋಳ ಹುಟ್ಟಿದ್ದು ಅಲ್ಲೊಂದು, ಇಲ್ಲೊಂದು. ಅತ್ತ ಹೆಡ್‌ಮಾಸ್ತರರು 'ಭೂಮಿಯ ಯೋಗ್ಯ ಆರ್ದ್ರತೆ' ಎಂದು ಅರ್ಥ ಬರೆದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ತಿಂಗಳ ಮೇಲೆ ಅತ್ತೆಯ ಆಳುಮಗ ವಿಜಾಪುರದ ಸಂತೆಯಲ್ಲಿ ಸಿಕ್ಕ.

"ಜ್ವಾಳ ಹರಗಿ ತಗದು ಕಡ್ಲಿ ಹಾಕ್ಸ್ಯಾರ್ರಿ ಅವ್ವಾರು."

"ಹದಾ ಯಾರು ಹೇಳಿದ್ರು?"

"ಅವ್ವಾರ ಹೇಳ್ಯಾರ್ರಿ. ಗಂಡಸರು ಯಾರರ ಬರ್ಲಿ ಅಂತ ನಾವು ಕುಂತಿದ್ವಿ. 'ಅವರು ಬರೂಮಟ ಹೊಲ ಕಾಯ್ತೈತೇನ್ರಲೇ, ಏಳ್ರಿ' ಅಂದ್ರು." ಅವನು ಚೀಲ ಹೆಗಲಿಗೇರಿಸಿದ. "ಸಾಲು ಹಿಡದು ಹುಟ್ಟೇತ್ರಿ ಕಡ್ಲಿ."