ಶಾಲು ಹೊದಿಸಿ ಕಳಿಸಿದರು

ಕಡಬದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗೌರವ ಶಿಕ್ಷಕಿಯಾಗಿದ್ದೆ. ಹೆಸರಿಗೆ ಮಾತ್ರ ಗೌರವ. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷ ಪರೀಕ್ಷೆಯ ಹೊತ್ತಿಗೆ ನನಗೆ ಚಿಂತೆ ಶುರುವಾಗುತ್ತಿತ್ತು. ಕರೆಯುವುದು ಹೆಡ್‌ಮಾಸ್ಟರ ಕೈಯಲ್ಲಿತ್ತು. ಹೆಡ್‌ಮಾಸ್ಟರು ಕೇಳುತ್ತಿದ್ದದ್ದು ಸಮಾಜ ವಿಜ್ಞಾನದ ಹಿರಿಯ ಮಾಸ್ಟ್ರ ಮಾತನ್ನು.

ಆ ಮಾಸ್ಟ್ರಿಗೆ ಕೆಲಸದ ಹೊರೆ ಹೆಚ್ಚಾಯಿತೆಂದೇ ನನ್ನನ್ನು ತೆಗೆದುಕೊಂಡದ್ದು. ಅವರ ಅರ್ಧ ಪೀರಿಯಡ್‌ಗಳು ನನ್ನ ಪಾಲಿಗೆ ಬಂದವು. ಜೊತೆಗೆ ಆ ಸ್ಟಾಫ್ ರೂಮಿನಲ್ಲಿ ಒಂದು ಪದ್ಧತಿಯಿತ್ತು: ಬರೆಯುವ ಕೆಲಸವೆಲ್ಲ ಖಾಯಂ ಅಲ್ಲದವರದ್ದು. ಪಾಠ ಯೋಜನೆ, ಪ್ರಶ್ನೆಪತ್ರಿಕೆ, ಇಲಾಖೆಗೆ ಕಳಿಸುವ ವರದಿ, ಸ್ವಾತಂತ್ರ್ಯ ದಿನದ ಭಾಷಣ, ಎಲ್ಲ ನಾನೇ. "ಟೀಚರ್, ನೀವು ಬರೆದ್ರೆ ಎಂತ ಚಂದ ಮಾರಾಯ್ರೆ" ಎಂದು ಮಾಸ್ಟ್ರು ಫೈಲನ್ನು ನನ್ನ ಮೇಜಿಗೆ ತಳ್ಳಿ ಚಹಾ ಕುಡಿಯುತ್ತಿದ್ದರು. ಆ ಹೊಗಳಿಕೆ ಪುಕ್ಕಟೆ ಎಂದು ಗೊತ್ತಿದ್ದೂ ನಾನು ಉಬ್ಬುತ್ತಿದ್ದೆ.

ಫೋನಿಗೆ ಎಐ ಬಂದ ಮೇಲೆ ನನಗೆ ಉಸಿರಾಡಲು ಪುರುಸೊತ್ತಾಯಿತು. ಪಾಠದ ಹೆಸರು, ತರಗತಿ, ಮಕ್ಕಳ ಮಟ್ಟ ಹೇಳಿದರೆ ಸಾಕು, ಯೋಜನೆ ಸಿದ್ಧ. ತಪ್ಪುಗಳನ್ನು ನಾನು ತಿದ್ದುತ್ತಿದ್ದೆ. ಬಿಡುವಿನಲ್ಲಿ ಹಿಂದುಳಿದ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ನಕ್ಷೆ ಓದಿಸುವಷ್ಟು ಸಮಯ ಸಿಕ್ಕಿತು. ಟೀಚರ್ ಅನ್ನಿಸಿಕೊಳ್ಳುವ ಕೆಲಸವನ್ನು ನಾನು ನಿಜವಾಗಿ ಮಾಡಿದ್ದು ಆ ವರ್ಷ ಮಾತ್ರ.

ನನ್ನ ಬಿಡುವು ಮಾಸ್ಟ್ರ ಕಣ್ಣಿಗೆ ಬಿತ್ತು. "ಇಷ್ಟು ಬೇಗ ಹೇಗೆ ಮುಗಿಸುದು ನೀವು? ನಂಗೂ ಸ್ವಲ್ಪ ಹೇಳಿ ಕೊಡಿ" ಎಂದು ಬಂದು ಕೂತರು. ಹಿರಿಯರು ಶಿಷ್ಯರ ಹಾಗೆ ಎದುರು ಕೂತಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟೆ. ಟೈಪ್ ಮಾಡಲು ಬಾರದಿದ್ದರೆ ಮಾತಾಡಿದರೂ ಸಾಕೆಂದು ತೋರಿಸಿಕೊಟ್ಟೆ. ಅವರು ಬೇಗ ಕಲಿತರು. "ದಯವಿಟ್ಟು ಒಂದು ಪ್ರಶ್ನೆಪತ್ರಿಕೆ ಮಾಡಿ ಕೊಡಿ" ಎಂದು ಫೋನಿನ ಹತ್ತಿರ ವಿನಯದಿಂದ ಕೇಳುತ್ತಿದ್ದರು. ನನಗೆ ಒಮ್ಮೆಯಾದರೂ ದಯವಿಟ್ಟು ಎಂದವರಲ್ಲ.

ನನ್ನ ಮೇಜಿಗೆ ಫೈಲು ಬರುವುದು ನಿಂತಿತು. ಪೀಡೆ ತೊಲಗಿತು ಎಂದು ನಾನು ಖುಷಿಪಟ್ಟೆ. ಅಷ್ಟು ದಡ್ಡಿ ನಾನು.

ವರ್ಷದ ಕೊನೆಗೆ ಹೆಡ್‌ಮಾಸ್ಟರು ಕರೆದು, "ಟೀಚರ್, ಶನಿವಾರ ನಿಮಗೊಂದು ಸಣ್ಣ ಸನ್ಮಾನ ಉಂಟು. ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದರು. ನಮ್ಮ ಊರುಗಳಲ್ಲಿ ಶಾಲು ಹೊದಿಸಲು ಕಾರಣ ಬೇಕಾಗಿಲ್ಲ. ಮೈಕು ಬಾಡಿಗೆಗೆ ತಂದರೆ ಯಾರಿಗಾದರೂ ಸನ್ಮಾನ ಆಗಲೇಬೇಕು. ಆದರೂ ನನಗೆ ನಂಬಿಕೆ ಬಂತು. ಬೇಡವಾದವಳಿಗೆ ಯಾರು ಶಾಲು ಹೊದಿಸುತ್ತಾರೆ? ಸಂಪಾಜೆಯಿಂದ ಅಮ್ಮನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದೆ.

ಸನ್ಮಾನ ಪತ್ರ ಓದಿದವರು ಮಾಸ್ಟ್ರೇ. ಮೊದಲ ಸಾಲಿಗೇ ಅದನ್ನು ಬರೆದದ್ದು ಯಾರೆಂದು ನನಗೆ ತಿಳಿಯಿತು. ಆ ಜೋಡಿ ಜೋಡಿ ವಿಶೇಷಣಗಳನ್ನು ವರ್ಷವಿಡೀ ಅಳಿಸಿದವಳು ನಾನು. "ಸುದೀರ್ಘ, ಸಾರ್ಥಕ ಸೇವೆಯಿಂದ ಇಂದು ನಿವೃತ್ತರಾಗುತ್ತಿರುವ ತಮ್ಮ ವಿಶ್ರಾಂತ ಜೀವನವು ಮೊಮ್ಮಕ್ಕಳ ಒಡನಾಟದಲ್ಲಿ ಸುಖಮಯವಾಗಿರಲಿ" ಎಂದು ಮಾಸ್ಟ್ರು ರಾಗವಾಗಿ ಓದಿದರು. ನನಗಿನ್ನೂ ಮದುವೆಯಾಗಿರಲಿಲ್ಲ. ಟೀಚರ್ ಹೋಗುತ್ತಿದ್ದಾರೆ ಎಂದಷ್ಟೇ ಹೇಳಿರಬೇಕು, ಉಳಿದದ್ದನ್ನು ಫೋನು ತುಂಬಿಸಿತ್ತು. ಕೊಟ್ಟದ್ದನ್ನು ಒಮ್ಮೆ ಓದಿ ನೋಡಬೇಕೆಂದು ಕಲಿಸಿದ್ದೆ, ಅದೊಂದನ್ನು ಅವರು ಕಲಿಯಲಿಲ್ಲ. ಹೆಡ್‌ಮಾಸ್ಟರು ತಲೆಯಾಡಿಸಿದರು. ಯಾರೂ ನಗಲಿಲ್ಲ, ಏಕೆಂದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಅಮ್ಮ.

ಶಾಲು ಹೊದ್ದುಕೊಂಡೇ ವೇದಿಕೆಯ ಹಿಂದೆ ಹೆಡ್‌ಮಾಸ್ಟರನ್ನು ಹಿಡಿದೆ. "ಎಂತ ಸರ್ ಇದು?"

"ಬೇಜಾರ್ ಮಾಡ್ಬೇಡಿ ಟೀಚರ್. ಬರೆಯುವ ಕೆಲ್ಸ ಈಗ ಇಲ್ಲ ಅಲ್ವಾ? ನಿಮ್ಮ ಕ್ಲಾಸ್ ಎಲ್ಲ ಮಾಸ್ಟ್ರೇ ಮಾಡ್ತಾರಂತೆ. ಪಾಯಸ ಉಂಟು, ಊಟ ಮಾಡಿಯೇ ಹೋಗುದು."

ಉಗಿಯಬೇಕೆನಿಸಿತು. ಉಗಿಯಲಿಲ್ಲ, ಉಣ್ಣಲೂ ಇಲ್ಲ. ಅಮ್ಮನ ಕೈ ಹಿಡಿದು ಎಳೆದುಕೊಂಡು ಬಂದೆ.

ಪುತ್ತೂರಿನಲ್ಲಿ ಮಡಿಕೇರಿ ಬಸ್ ಹತ್ತಿದೆವು. ಅಮ್ಮ ಸನ್ಮಾನದಲ್ಲಿ ಕೊಟ್ಟ ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೇಲಿನ ಬಣ್ಣದ ಹಾಳೆ ಬಿಡಿಸಿ, ಪಕ್ಕದ ಸೀಟಿನ ಹೆಂಗಸಿಗೆ ಒಂದು ಕಿತ್ತಳೆ ಕೊಟ್ಟರು. ಮಗಳಿಗೆ ಸನ್ಮಾನ ಆಯಿತು, ಇನ್ನು ಶಾಲೆಯಲ್ಲಿ ಖಾಯಂ ಮಾಡುತ್ತಾರೆ ಎಂದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳತೊಡಗಿದರು. ಆ ಹೆಂಗಸು ನನ್ನ ಕಡೆ ನೋಡಿ ನಕ್ಕಳು. ಸುಳ್ಯ ದಾಟುವವರೆಗೆ ಸಹಿಸಿಕೊಂಡೆ. ಅಮ್ಮ ಇನ್ನೊಬ್ಬರಿಗೆ ಸೇಬು ಕೊಡಲು ಹೊರಟಾಗ ನನಗೆ ತಡೆಯಲಾಗಲಿಲ್ಲ.

"ನನ್ನನ್ನು ಕೆಲಸದಿಂದ ಓಡಿಸಿದ್ರಮ್ಮ. ನೀನು ಚಪ್ಪಾಳೆ ತಟ್ಟಿದ್ದು ಅದಕ್ಕೆ" ಎಂದೆ, ಬಸ್ಸಿಗೆಲ್ಲ ಕೇಳುವ ಹಾಗೆ.

ಪಕ್ಕದ ಹೆಂಗಸು ಅರ್ಧ ಸುಲಿದ ಕಿತ್ತಳೆಯನ್ನು ಹಿಂದಕ್ಕೆ ಕೊಡಬೇಕೋ ತಿನ್ನಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು.